ಚಾಮರಾಜನಗರದ ಆನೆ ಸಾಹೇಬ ಸ್ಯಾಂಡರ್ಸನ್: ಊರವರ ಬಲೆ, ಅತಿಥಿಗಳ ಅಟ್ಟಣೆ

ಮುಂಗಾರು ಶುರುವಾಗಿ ನಾಲ್ಕು ಮಳೆ ಬಿದ್ದರೆ ಬಿಳಿಗಿರಿರಂಗನ ಬೆಟ್ಟದಿಂದ ಆನೆ ಕೆಳಗಿಳಿಯುತ್ತೆ. ಇದನ್ನ ನಮ್ಮ ಕಡೆ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಸೋಲಾರ್ ಬೇಲಿ, ಕಂದಕ, ರೈಲ್ವೆ ಕಂಬಿಯ ತಡೆಗೋಡೆ ಎಲ್ಲ ಬಂದಿದೆ, ಆದರೂ ಇಳಿಯುತ್ತೆ. 150 ವರ್ಷದ ಹಿಂದೆ ಇವ್ಯಾವೂ ಇರಲಿಲ್ಲ. ಹೊಲದ ಅಟ್ಟಣೆ, ಕೈಯಲ್ಲೊಂದು ತಮಟೆ, ಒಂದು ಕೊಳ್ಳಿ, ಅಷ್ಟೇ. ಆ ಕಾಲದಲ್ಲಿ ಚಾಮರಾಜನಗರ ಸೀಮೆಯ ಈ ಆನೆ ಕಾಟವೇ ಒಬ್ಬ ಇಂಗ್ಲಿಷ್ ಸಾಹೇಬನಿಗೆ ಬದುಕು ಕೊಟ್ಟಿತು, ಹೆಸರು ಕೊಟ್ಟಿತು. ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ಆತನ ಹೆಸರು. ಖೆಡ್ಡಾ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕಾಕನಕೋಟೆ. ಆದರೆ ಮೈಸೂರು ಸಂಸ್ಥಾನದಲ್ಲಿ ಮೊದಲ ಖೆಡ್ಡಾ ಗೆದ್ದದ್ದು ನಮ್ಮ ಚಾಮರಾಜನಗರದ ಮಗ್ಗುಲಲ್ಲೇ ಅನ್ನೋದು ನಮ್ಮೂರಿನವರಿಗೇ ಮರೆತು ಹೋಗಿದೆ.

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ, ಇಂಡಿಯಾದಲ್ಲೇ. ಅಪ್ಪ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಕನ್ನಡ ಓದಿಕೊಂಡವರಿಗೆ ಅಪ್ಪನ ಹೆಸರು ಮಗನಿಗಿಂತ ಮೊದಲು ಗೊತ್ತಿರಬಹುದು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷಿಗೆ ತಂದವರು, ರೀವ್ ಸಾಹೇಬರ ಕನ್ನಡ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಇವರೇ. ಮಗ ಮಾತ್ರ ಇಂಗ್ಲೆಂಡಿನ ಕಂಬರ್ಲೆಂಡ್ ಸೀಮೆಯಲ್ಲಿ ನೆಂಟರ ಮನೆಯಲ್ಲಿ ಬೆಳೆದು, ಷೆಫೀಲ್ಡಿನಲ್ಲಿ ಓದಿ, 1864ರಲ್ಲಿ ಹದಿನಾರನೇ ವಯಸ್ಸಿಗೆ ವಾಪಸ್ ಬಂದ. ಕಾಫಿ ತೋಟ ಮಾಡೋ ಯೋಚನೆ ಇತ್ತು, ಅದು ಕೂಡಿಬರಲಿಲ್ಲ. ಬಂದ ಹೊಸದರಲ್ಲೇ ಕನ್ನಡ ಕಲಿತ. ಆ ಕನ್ನಡದ ಬಲದಿಂದಲೇ ಮೈಸೂರು ಸರ್ಕಾರದಲ್ಲಿ ನೌಕರಿ ಹಿಡಿದ. ಅಪ್ಪ ಕನ್ನಡವನ್ನು ಪುಸ್ತಕದಿಂದ ಕಲಿತರೆ ಮಗ ಕಾಡಂಚಿನ ಊರುಗಳಲ್ಲಿ ಅದನ್ನ ಬಳಸಿಕೊಂಡು ತಿರುಗಿದ. ಮುಂದೆ ಆತ ಏನೇ ಸಾಧಿಸಿದ್ದರೂ ಅದಕ್ಕೆ ಕೋವಿಗಿಂತ ಈ ಭಾಷೆಯೇ ದೊಡ್ಡ ಕಾರಣ ಅಂತ ನನಗನ್ನಿಸುತ್ತೆ.

ಕೆಲಸ ಸಿಕ್ಕಿದ್ದು ನಾಲೆಗಳ ಉಸ್ತುವಾರಿ. ಮೈಸೂರು ಸೀಮೆಯ ನದಿ ನಾಲೆಗಳ ಏರಿ ಮೇಲೆ ಕುದುರೆ ಹತ್ತಿ ಓಡಾಡೋದು, ಒಡ್ಡು ಒಡೆದಲ್ಲಿ ಕಟ್ಟಿಸೋದು, ನೀರು ಬಿಡೋದು. ಮೊದಲು ಹುಣಸೂರಿನಲ್ಲಿ ಬಿಡಾರ. ನಾಲೆ ಕೆಲಸದವನಿಗೆ ನೀರಗಂಟಿ ಗೊತ್ತು, ಪಟೇಲ ಗೊತ್ತು, ಶ್ಯಾನುಭೋಗ ಗೊತ್ತು. ಯಾವ ಹೊಲಕ್ಕೆ ಹಂದಿ ಬಿತ್ತು, ಯಾರ ಹಸುವನ್ನ ಹುಲಿ ಹೊತ್ತುಕೊಂಡು ಹೋಯ್ತು ಅನ್ನೋದು ಬೆಳಗಾಗೋದರೊಳಗೆ ಕಿವಿಗೆ ಬೀಳುತ್ತೆ. ಬೇಟೆಯ ಹುಚ್ಚಿದ್ದ ಹುಡುಗನಿಗೆ ಇನ್ನೇನು ಬೇಕು? ರಜೆಯ ಮೇಲೆ ದಂಡಿನಿಂದ ಬರುವ ಆಫೀಸರುಗಳಿಗೆ ಇಂಥ ಅನುಕೂಲ ಇರಲಿಲ್ಲ.

ಹುಣಸೂರಿನ ನಂತರ ಆತ ಕಾಯಂ ಬಿಡಾರ ಮಾಡಿಕೊಂಡದ್ದು ಚಾಮರಾಜನಗರದ ಹತ್ತಿರ. ಅರಿಕುಠಾರ ಅಂತಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಜಾಗ ಅಂತ ಚಾಮರಾಜನಗರ ಅಂತ ಹೆಸರಿಟ್ಟು ಆಗ ಅರ್ಧ ಶತಮಾನ ಆಗಿತ್ತು. ಊರಿನಿಂದ ಎರಡು ಮೂರು ಮೈಲಿ ದೂರದಲ್ಲಿ, ಆತ ಮೊರ್ಲೆ ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡ ಹಳ್ಳಿಯ ಬಳಿ, ಒಂದು ಬಂಗಲೆ. ಅದಕ್ಕೆ ಮೊರ್ಲೆ ಹಾಲ್ ಅಂತ ಹೆಸರು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು, ಇನ್ನೊಂದು ಕಡೆ ಕೆರೆ, ಗದ್ದೆ, ರಾಗಿ ಹೊಲ. ಸುವರ್ಣಾವತಿ, ಅಂದರೆ ನಮ್ಮ ಹೊನ್ನುಹೊಳೆ, ಹತ್ತಿರದಲ್ಲೇ ಹರೀತಿತ್ತು.

ಇಲ್ಲಿ ಆತ ಕಂಡದ್ದು ಊರವರ ಹುಲಿ ಬೇಟೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇವತ್ತು ಬೇಟೆ ಅಂದರೆ ಕೋವಿ, ಜೀಪು, ತಲೆಗೆ ಕಟ್ಟಿದ ಬ್ಯಾಟರಿ ಅಂತಲೇ ನಮ್ಮ ಕಣ್ಣಮುಂದೆ ಬರೋದು.

ಆಗಿನ ಹಳ್ಳಿಯವರ ಬೇಟೆ ಬಲೆಯದ್ದು. ದಪ್ಪ ಹಗ್ಗದ ಬಲೆಗಳು ಊರಿನ ಆಸ್ತಿ. ಹುಲಿ ದನ ಹೊಡೆದು ಯಾವುದೋ ಪೊದೆಯಲ್ಲಿ, ಹಳ್ಳದ ಮೆಳೆಯಲ್ಲಿ ಮಲಗಿದೆ ಅಂತ ಜಾಡು ಹಿಡಿದವರು ಸುದ್ದಿ ತಂದರೆ ಊರಿಗೆ ಊರೇ ಹೊರಡುತ್ತಿತ್ತು. ಸದ್ದಿಲ್ಲದೆ ಮೆಳೆಯ ಸುತ್ತ ಬಲೆ ನಿಲ್ಲಿಸೋದು, ಗಳು ಕೊಟ್ಟು ಎತ್ತಿ ಕಟ್ಟೋದು, ಬಲೆಯ ಹಿಂದೆ ಭರ್ಜಿ ಹಿಡಿದವರು ನಿಲ್ಲೋದು. ಕತ್ತಲಾದರೆ ಸುತ್ತ ಬೆಂಕಿ ಹಾಕಿ, ತಮಟೆ ಬಡಿದು, ರಾತ್ರಿಯಿಡೀ ಕಾವಲು. ಒಮ್ಮೊಮ್ಮೆ ಒಂದೇ ದಿನದಲ್ಲಿ ಮುಗಿಯುತ್ತಿರಲಿಲ್ಲ. ಮೆಳೆಯನ್ನು ಇಷ್ಟಿಷ್ಟೇ ಕಡಿದು ವೃತ್ತವನ್ನು ಚಿಕ್ಕದು ಮಾಡುತ್ತಾ ಹೋಗಬೇಕು. ಕೊನೆಗೆ ಹುಲಿ ನುಗ್ಗಿ ಬಲೆಗೆ ಬಿದ್ದಾಗ ಭರ್ಜಿಯ ಕೆಲಸ. ಬಲೆ ಹರಿದರೆ? ಹರಿದರೆ ಯಾರೋ ಒಬ್ಬನ ಮನೆಯಲ್ಲಿ ದೀಪ ಆರಿತು ಅಂತಲೇ ಲೆಕ್ಕ. ಎಲ್ಲರಿಗೂ ಇದು ಗೊತ್ತಿತ್ತು, ಗೊತ್ತಿದ್ದೂ ಹೋಗುತ್ತಿದ್ದರು.

ಇದರಲ್ಲಿ ಗಮನಿಸೋ ಸಂಗತಿ ಒಂದಿದೆ. ಈ ಜನ ಹುಲಿಯನ್ನ ಹುಡುಕಿಕೊಂಡು ಕಾಡಿಗೆ ಹೋಗಲಿಲ್ಲ. ಹುಲಿ ದನದ ಹಟ್ಟಿಗೆ ಬಂದಾಗ ಮಾತ್ರ ಬಲೆ ಹೊರಬಂತು. ಮಲೆ ಮಹದೇಶ್ವರ ಹುಲಿ ಏರಿದ ಮಾದಪ್ಪ. ಬೆಟ್ಟದ ಸೋಲಿಗರಿಗೆ ಹುಲಿವೀರಪ್ಪ ದೇವರು. ಕೈಮುಗಿಯುವ ಪ್ರಾಣಿಯನ್ನೇ ಭರ್ಜಿಯಿಂದ ತಿವಿಯೋದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಊರವರಿಗೆ ಅದರಲ್ಲಿ ಗೊಂದಲ ಇರಲಿಲ್ಲ. ದೇವರೂ ಮಿತಿ ಮೀರಿದರೆ ಬೈಯುವ ಜನ ನಾವು. ಅವರ ಮಾತಿನಲ್ಲಿ ಹುಲಿ ಬಂತು, ಆನೆ ಬಂತು ಅಂತಲೇ ಇರೋದು. ಈಗ ಸಫಾರಿ ಜೀಪಿನಿಂದ ಇಳಿದವರು ಒಬ್ಬರನ್ನೊಬ್ಬರು ಕೇಳೋದು ಹುಲಿ ಸಿಕ್ತಾ ಅಂತ. ಬರೋದಕ್ಕೂ ಸಿಗೋದಕ್ಕೂ ಇರುವ ದೂರ ಸ್ಯಾಂಡರ್ಸನ್ ಕಾಲದಲ್ಲೂ ಇತ್ತು. ಆಗ ಕ್ಯಾಮೆರಾ ಬದಲು ಕೋವಿ ಇತ್ತು, ಅಷ್ಟೇ.

ಆ ಕಾಲದ ಪ್ರವಾಸಿ ಅಂದರೆ ಮುಖ್ಯವಾಗಿ ಬೆಂಗಳೂರು ದಂಡಿನಿಂದ, ಮದ್ರಾಸಿನಿಂದ ರಜೆ ಹಾಕಿ ಬರುತ್ತಿದ್ದ ಬಿಳಿಯ ಅಧಿಕಾರಿಗಳು. ಡೇರೆ, ಅಡುಗೆಯವರು, ಎತ್ತಿನ ಗಾಡಿ, ಕೆಲವೇ ದಿನಗಳ ಬಿಡುವು. ಅಷ್ಟರಲ್ಲಿ ಒಂದು ಹುಲಿ ಚರ್ಮವೋ ಕಾಟಿಯ ಕೊಂಬೋ ಆಗಲೇಬೇಕು. ಕಾಡು ತೋರಿಸೋಕೆ ಬೇಕಾಗಿದ್ದವರು ಊರಿನ ಜಾಡುಗಾರರು, ಕೆಲಸ ಮುಗಿದ ಮೇಲೆ ಫೋಟೋದಲ್ಲಿ ಮೂಲೆಗೆ ನಿಲ್ಲುತ್ತಿದ್ದವರೂ ಅವರೇ. ಹುಲಿ ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲ ಅದು. ಹುಲಿ ಅಂದರೆ ಪೀಡೆ, ನಿರ್ನಾಮವಾದಷ್ಟೂ ಒಳ್ಳೆಯದು ಅನ್ನೋದು ಕಚೇರಿಗಳಲ್ಲಿ ಸಾಮಾನ್ಯ ಅಭಿಪ್ರಾಯ.

ಸ್ಯಾಂಡರ್ಸನ್ ಇದಕ್ಕೆ ಒಪ್ಪಲಿಲ್ಲ. ಆತನೇನೂ ಸಾಧು ಅಲ್ಲ. ಆನೆ, ಕಾಟಿ, ಹುಲಿ, ಚಿರತೆ, ಕರಡಿ, ಯಾವುದನ್ನೂ ಬಿಟ್ಟವನಲ್ಲ. ಬೇಟೆಯ ಖುಷಿಗಾಗಿಯೇ ಕೊಂದದ್ದನ್ನು ಮುಚ್ಚಿಟ್ಟವನೂ ಅಲ್ಲ. ಆದರೆ ಹಳ್ಳಿಯ ಅಂಚಿನಲ್ಲಿ ವರ್ಷಗಟ್ಟಲೆ ಬದುಕಿದವನಿಗೆ ಒಂದು ಲೆಕ್ಕ ಗೊತ್ತಾಗಿತ್ತು. ಹುಲಿ ಹೋದರೆ ಹಂದಿ, ಜಿಂಕೆ ಹೆಚ್ಚುತ್ತವೆ, ಅವು ಹೊಲಕ್ಕೆ ಬೀಳುತ್ತವೆ, ರಾಗಿ ಉಳಿಯೋದಿಲ್ಲ. ಹುಲಿಯನ್ನು ಬರೀ ಕೆಡುಕು ಅಂತ ನೋಡಿ ಎಲ್ಲಾ ಅಡ್ಡದಾರಿಯಿಂದಲೂ ಕೊಲ್ಲೋದು ತಪ್ಪು, ಅದು ಇಲ್ಲವಾದ ದಿನ ನಾಡಿಗೆ ಒಳ್ಳೆಯ ದಿನವಲ್ಲ ಅನ್ನೋ ಅರ್ಥದಲ್ಲಿ ಆತ ಬರೆದ. ನರಭಕ್ಷಕ ಹುಲಿಯ ಮಾತು ಬೇರೆ. ಅಂಥದ್ದರ ಬೆನ್ನು ಹತ್ತಿ ಇದೇ ಸೀಮೆಯಲ್ಲಿ ಅಲೆದವನು ಆತ. ಉಳಿದ ಹುಲಿಗಳ ಪರವಾಗಿ 1878ರಲ್ಲಿ ಒಬ್ಬ ಬೇಟೆಗಾರ ಹೀಗೆ ಬರೆದಿದ್ದ ಅನ್ನೋದು ಸಣ್ಣ ಮಾತಲ್ಲ. ಈ ಲೆಕ್ಕ ಆತನಿಗೆ ಲಂಡನ್ನಿನಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ. ರಾಗಿ ಹೊಲದ ಅಟ್ಟಣೆ ಮೇಲೆ ನಿದ್ದೆಗೆಟ್ಟು ಕೂತವರ ನಡುವೆ ಇದ್ದು ಕಂಡುಕೊಂಡದ್ದು.

ಈಗ ಆನೆ ವಿಷಯಕ್ಕೆ ಬರೋಣ.

1870ರ ದಶಕದ ಆರಂಭದಲ್ಲಿ ಚಾಮರಾಜನಗರ ಸುತ್ತ ಆನೆ ಹಿಂಡುಗಳ ಹಾವಳಿ ಜೋರಾಯ್ತು. ಕೆಲವು ಕಡೆ ಜನ ಉಳುಮೆಯನ್ನೇ ಬಿಡೋ ಹಾಗಾಯ್ತು. ಹಿಡಿದರೆ ಬೆಳೆಯೂ ಉಳಿಯುತ್ತೆ, ಸರ್ಕಾರಕ್ಕೆ ಆನೆಯೂ ಸಿಗುತ್ತೆ ಅನ್ನೋ ಯೋಚನೆ ಬಂತು. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1873ರಲ್ಲಿ ಈ ಕೆಲಸ ಸ್ಯಾಂಡರ್ಸನ್ ಪಾಲಿಗೆ ಬಂತು. ತಮಾಷೆ ಅಂದ್ರೆ ಆನೆ ಹಿಡಿಯೋದನ್ನ ಆತ ಅದುವರೆಗೆ ನೋಡಿಯೂ ಇರಲಿಲ್ಲ. ನಾಲೆ ತೋಡಿಸೋದು ಗೊತ್ತಿತ್ತು, ಅಷ್ಟೇ. ಗುಂಡಿ ತೋಡಿ ಆನೆ ಬೀಳಿಸೋ ಹಳೇ ಪದ್ಧತಿ ಇತ್ತು, ಅದರಲ್ಲಿ ಆನೆ ಕಾಲು ಮುರಿದುಕೊಂಡು ಸಾಯೋದೇ ಹೆಚ್ಚು. ಅದು ಆತನಿಗೆ ಹಿಡಿಸಲಿಲ್ಲ. ಹಿಂಡನ್ನೇ ಸುತ್ತುವರಿದು ಆವರಣದೊಳಕ್ಕೆ ನುಗ್ಗಿಸೋ ಖೆಡ್ಡಾ ಪದ್ಧತಿ ಬಂಗಾಳದಲ್ಲಿ ಇತ್ತು, ನಮ್ಮಲ್ಲಿ ಯಾರೂ ಗೆದ್ದಿರಲಿಲ್ಲ. ನೂರು ವರ್ಷ ಹಿಂದೆ ಹೈದರ್ ಅಲಿ ಕಾಕನಕೋಟೆ ಕಾಡಿನಲ್ಲಿ ಪ್ರಯತ್ನಪಟ್ಟು ಸೋತು, ಇನ್ನು ಯಾರೂ ಇದನ್ನ ಗೆಲ್ಲಲಾರರು, ಕೈಹಾಕಿದವರಿಗೆ ಶಾಪ ತಟ್ಟಲಿ ಅಂತ ಕಲ್ಲು ಹಾಕಿಸಿದ್ದ ಅಂತ ಸ್ಯಾಂಡರ್ಸನ್ನೇ ಬರೆದಿದ್ದಾನೆ.

1873ರ ಮೊದಲ ಪ್ರಯತ್ನ ಕೈಕೊಟ್ಟಿತು. ಸೋತವನನ್ನು ಕಂಡು ಕಚೇರಿಗಳಲ್ಲಿ ನಕ್ಕವರಿದ್ದರೋ ಏನೋ, ಆದರೆ ಆತ ಬಿಡಲಿಲ್ಲ. ಮಾರನೇ ವರ್ಷ ಜೂನ್‌ನಲ್ಲಿ ಮಳೆ ಬಿದ್ದು ಹಿಂಡು ಬೆಟ್ಟದಿಂದ ಇಳಿದು ಹೊನ್ನುಹೊಳೆ ಕಡೆ ಬರೋದನ್ನೇ ಕಾದ. ಎಲ್ಲಿ ಇಳಿಯುತ್ತೆ, ಎಲ್ಲಿ ನೀರು ಕುಡಿಯುತ್ತೆ, ಯಾವ ಮೆಳೆಯಲ್ಲಿ ಹಗಲು ಕಳೆಯುತ್ತೆ ಅನ್ನೋದೆಲ್ಲ ಊರ ಜಾಡುಗಾರರ ಬಾಯಲ್ಲಿತ್ತು. ಹಿಂಡು ಬಂದ ಕೂಡಲೇ ಸುತ್ತ ಜನ ನಿಂತರು. ಹುಲಿಗೆ ಬಲೆ ಹಾಕಿ ರಾತ್ರಿಯಿಡೀ ಬೆಂಕಿ ಕಾಯ್ದು ಪಳಗಿದ ಜನಕ್ಕೆ ಇದು ಹೊಸದಲ್ಲ, ವೃತ್ತ ದೊಡ್ಡದಾಯ್ತು, ಅಷ್ಟೇ. ಕಂದಕ ತೋಡಿದರು, ಬೆಂಕಿ ಹಾಕಿದರು, ಮರದ ದಿಮ್ಮಿಗಳ ಬೇಲಿ ಎದ್ದಿತು. ನಾಲೆ ಸಾಹೇಬನ ತೋಡುವ ವಿದ್ಯೆ, ಬಲೆಯ ಊರಿನ ಕಾಯುವ ವಿದ್ಯೆ ಎರಡೂ ಸೇರಿ ಐವತ್ತಕ್ಕೂ ಹೆಚ್ಚು ಆನೆ ಒಂದೇ ಸಲ ಸಿಕ್ಕಿಬಿದ್ದವು. ಮೈಸೂರಿನ ಮೊದಲ ಗೆಲುವಿನ ಖೆಡ್ಡಾ ಅದು. ಖರ್ಚು ಕಳೆದು ಸರ್ಕಾರಕ್ಕೆ ಲಾಭವೇ ಉಳಿಯಿತು.

ಮುಂದೆ ಆತನ ಹೆಸರಿಗೆ ಸೇರಿದ ಈ ಗೆಲುವಿನಲ್ಲಿ ಊರವರಿಗೆ ಏನು ಬಂತು? ಕೂಲಿ ಬಂತು. ಆ ವರ್ಷ ಹೊಲ ಉಳಿಯಿತು. ಹಿಡಿದ ಆನೆಗಳಲ್ಲಿ ಪಳಗುವ ಮೊದಲೇ ಸತ್ತವೂ ಇದ್ದವು. ಖೆಡ್ಡಾ ನಡೆದಲ್ಲೆಲ್ಲ ಹೊಸದಾಗಿ ಹಿಡಿದ ಆನೆ ಹಗ್ಗದ ಗಾಯಕ್ಕೆ, ಮನಸ್ಸು ಕುಗ್ಗಿ ಸಾಯೋದು ಮಾಮೂಲಿ ಆಗಿತ್ತು. ಈ ಸಾವನ್ನು ಹತ್ತಿರದಿಂದ ನೋಡುತ್ತಿದ್ದವರು ಮಾವುತರು, ಕಾವಾಡಿಗಳು. ಬೇಟೆಯ ಲೆಕ್ಕದ ಪುಸ್ತಕದಲ್ಲಿ ಅದು ಒಂದು ಸಾಲು.

1875ರಲ್ಲಿ ಬಂಗಾಳ ಸರ್ಕಾರ ಸ್ಯಾಂಡರ್ಸನ್‌ನನ್ನ ಢಾಕಾ ಖೆಡ್ಡಾ ಇಲಾಖೆಗೆ ಕರೆಸಿಕೊಂಡಿತು. ಗಾರೋ ಬೆಟ್ಟ, ಚಿತ್ತಗಾಂಗ್ ಬೆಟ್ಟಸೀಮೆ ಸುತ್ತಿ, ಅಲ್ಲಿಯೂ ಆನೆ ಹಿಡಿದು, ಅಲ್ಲಿನವರ ಕೈಚಳಕ ಕಲಿತು ವಾಪಸಾದ. ಆ ಹೊತ್ತಿಗೆ ಇಲ್ಲಿ ಧಾತು ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತ ಬರ ಅದು. ಅಜ್ಜಿಯರ ಬಾಯಲ್ಲಿ ಮೊನ್ನೆ ಮೊನ್ನೆಯವರೆಗೆ ಅದರ ಸುದ್ದಿ ಇತ್ತು. ಆ ಬರ ತೀರುವ ಹೊತ್ತಿನಲ್ಲೇ, 1878ರಲ್ಲಿ, ಲಂಡನ್ನಿನಲ್ಲಿ ಆತನ ಪುಸ್ತಕ ಹೊರಬಂತು. ಇಂಡಿಯಾದ ಕಾಡುಮೃಗಗಳ ನಡುವೆ ಹದಿಮೂರು ವರ್ಷ ಅನ್ನೋ ಅರ್ಥದ ಹೆಸರು. ಚಾಮರಾಜನಗರದ ಕೆರೆ, ಹೊಳೆ, ಊರು, ಜಾಡುಗಾರರು ಎಲ್ಲ ಅದರಲ್ಲಿದ್ದಾರೆ.

ಪುಸ್ತಕದ ದೊಡ್ಡತನ ಇರೋದು ಆನೆ ಬಗ್ಗೆ ಓಡಾಡುತ್ತಿದ್ದ ಸುಳ್ಳುಗಳನ್ನ ಬಿಡಿಸಿದ್ದರಲ್ಲಿ. ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಅದರ ಎತ್ತರ ಅನ್ನೋ ನಮ್ಮವರ ಲೆಕ್ಕವನ್ನ ಅಳೆದು ನೋಡಿ ಸರಿ ಅಂದ. ಆನೆಗಳು ಸಾಯೋದಕ್ಕೆ ಗುಟ್ಟಾದ ಜಾಗ ಹುಡುಕಿಕೊಂಡು ಹೋಗುತ್ತವೆ ಅನ್ನೋ ಕತೆಯನ್ನೂ ಪರೀಕ್ಷೆಗೆ ಇಟ್ಟ. ಕೇಳಿದ್ದು ಯಾರನ್ನ? ಬಿಳಿಗಿರಿ ಬೆಟ್ಟದ ಸೋಲಿಗರನ್ನ, ಕಾಕನಕೋಟೆಯ ಕುರುಬರನ್ನ. ವರ್ಷವಿಡೀ ಕಾಡಿನಲ್ಲಿರುವವರಿಗೆ ಗೊತ್ತಿಲ್ಲದ್ದು ಪೇಟೆಯವರಿಗೆ ಹೇಗೆ ಗೊತ್ತಾಗುತ್ತೆ ಅನ್ನೋ ಸರಳ ವಿವೇಕ ಆತನಿಗಿತ್ತು. ಆನೆ ಮೂಲತಃ ಸಿಟ್ಟಿನ ಪ್ರಾಣಿ ಅಲ್ಲ, ಹೆದರೋ ಪ್ರಾಣಿ ಅನ್ನೋದನ್ನೂ ಒತ್ತಿ ಹೇಳಿದ. ಜೀಪಿನಲ್ಲಿ ಕೂತು ಆನೆ ಮುಂದೆ ಹಾರನ್ ಹೊಡೆದು ರೀಲ್ಸ್ ಮಾಡುವವರು ಇದನ್ನ ಓದಿದ್ದರೆ ಚೆನ್ನಾಗಿತ್ತು.

ಆದರೆ ಕತೆ ತಿರುಗೋದು ಇಲ್ಲಿಂದಲೇ. 1881ರಲ್ಲಿ ರಾಜ್ಯ ಒಡೆಯರ ಕೈಗೆ ವಾಪಸ್ ಬಂತು, ಹತ್ತನೇ ಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಸ್ಯಾಂಡರ್ಸನ್ ಆನೆ ಹಿಡಿಯುವ ಕೆಲಸದ ಮುಖ್ಯಸ್ಥನಾಗಿ ಮುಂದುವರಿದ. ಬೆಳೆ ಉಳಿಸೋಕೆ ಅಂತ ಶುರುವಾದ ಖೆಡ್ಡಾ ನಿಧಾನಕ್ಕೆ ದೊಡ್ಡವರಿಗೆ ತೋರಿಸುವ ಆಟವಾಯ್ತು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಆತನಿಗಾಗಿ ಖೆಡ್ಡಾ ಏರ್ಪಾಡಾಯ್ತು. ಏರ್ಪಾಡು ಸ್ಯಾಂಡರ್ಸನ್‌ನದ್ದು. ಆ ಪ್ರವಾಸದ ಬಗ್ಗೆ ಜೆ. ಡಿ. ರೀಸ್ ಬರೆದ ಪುಸ್ತಕಕ್ಕೆ ಮೈಸೂರಿನ ಆನೆ ಹಿಡಿಯುವಿಕೆಯ ವೃತ್ತಾಂತ ಬರೆದುಕೊಟ್ಟವನೂ ಆತನೇ.

ಆ ದೃಶ್ಯ ಊಹಿಸಿ ನೋಡಿ. ರಾಗಿ ಹೊಲದಲ್ಲಿ ರೈತ ಕೂರುತ್ತಿದ್ದ ಅಟ್ಟಣೆ ಕಾಡಿಗೆ ಬಂತು. ಮೆಟ್ಟಿಲು ಇಟ್ಟು, ಸೊಪ್ಪು ಮುಚ್ಚಿ, ಅತಿಥಿಗಳನ್ನ ಕೂರಿಸುವ ಅಟ್ಟಣೆ. ಹಿಂಡನ್ನು ದಿನಗಟ್ಟಲೆ ಮೊದಲೇ ಸುತ್ತುವರಿದು, ಜನ ಮಳೆ ಬಿಸಿಲು ಅನ್ನದೆ ಕಾವಲು ನಿಂತು, ರಾಜಕುಮಾರ ಬಂದು ಕೂತ ಮೇಲೆ ಓಡಿಸೋದು. ಸಾಹೇಬರ ವೇಳಾಪಟ್ಟಿಗೆ ಆನೆ ಸರಿಹೊಂದಬೇಕು. ಮೇಲೆ ಕೂತವರಿಗೆ ಅದು ಒಂದು ಮಧ್ಯಾಹ್ನದ ರೋಮಾಂಚನ, ಕಾಗದದಲ್ಲಿ ಮನೆಗೆ ಬರೆಯುವಂಥದ್ದು. ಕೆಳಗೆ ಬಿದಿರು ಕೊಳ್ಳಿ ಹಿಡಿದು ನಿಂತವನ ಕಣ್ಣು ಮಾತ್ರ ಸಾಲು ಒಡೆದು ಬರಬಹುದಾದ ಒಂದು ಸಲಗದ ಮೇಲೆ. ಇಬ್ಬರೂ ನೋಡುತ್ತಿದ್ದದ್ದು ಒಂದೇ ಆನೆಯನ್ನ.

ಸ್ಯಾಂಡರ್ಸನ್ ಈ ಇಬ್ಬರ ನಡುವೆ ನಿಂತವನು. ಕೆಳಗಿನವರ ವಿದ್ಯೆ ಆತನಿಗೆ ಗೊತ್ತಿತ್ತು, ಅವರ ಮಾತು ಬರುತ್ತಿತ್ತು. ಸಂಬಳ, ಮರ್ಯಾದೆ, ಹೆಸರು ಬರುತ್ತಿದ್ದದ್ದು ಮೇಲಿನವರಿಂದ. ಇದು ಆತನನ್ನು ಕಾಡಿತ್ತಾ ಅಂತ ಯಾರಾದರೂ ಕೇಳಿದರೆ, ಕಾಡಿದ ಹಾಗೆ ಬರವಣಿಗೆಯಲ್ಲಿ ಕಾಣೋದಿಲ್ಲ ಅಂತಲೇ ಹೇಳಬೇಕು. ಆತ ತನ್ನ ಕಾಲದ ಮನುಷ್ಯ. ಊರವರ ಜಾಣ್ಮೆಯನ್ನ ಹೊಗಳಿದ, ಅದೇ ಕೈಯಲ್ಲಿ ಅವರನ್ನ ದೊಡ್ಡ ಮಕ್ಕಳ ಹಾಗೆ ನೋಡಿದ. ಆದರೂ ಆ ತಲೆಮಾರಿನ ಬಿಳಿಯ ಬೇಟೆಗಾರರಲ್ಲಿ ಇಷ್ಟು ಕಿವಿಕೊಟ್ಟು ಕೇಳಿದವರು ಕಮ್ಮಿ.

ದೇಹ ಮಾತ್ರ ತಡೆಯಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟ ಕಾಡಿನ ವಾಸ, ಜ್ವರದ ಸೀಮೆಗಳ ಓಡಾಟ. 1892ರಲ್ಲಿ ಮದ್ರಾಸಿನಲ್ಲಿ ಸ್ಯಾಂಡರ್ಸನ್ ತೀರಿಕೊಂಡ. ವಯಸ್ಸು ನಲವತ್ತನಾಲ್ಕರ ಆಸುಪಾಸು. ಆತನ ಖೆಡ್ಡಾ ನೋಡಿದ್ದ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೂಡ ಅದೇ ವರ್ಷ ಜನವರಿಯಲ್ಲಿ, ಇನ್ನೂ ಚಿಕ್ಕ ವಯಸ್ಸಿಗೆ, ಸತ್ತಿದ್ದ. ಹೈದರನ ಶಾಪದ ಕಲ್ಲು ನೆನಪಿಸಿಕೊಂಡು ತಲೆಯಾಡಿಸಿದವರು ಆಗ ಯಾರಾದರೂ ಇದ್ದಿರಬಹುದು. ನಾನಂತೂ ಅದನ್ನ ನಂಬೋದಿಲ್ಲ.

ಸತ್ತ ಮೇಲೆ ಆತನಿಗೆ ಇನ್ನೊಂದು ಬದುಕು ಸಿಕ್ಕಿತು. ರಡ್ಯಾರ್ಡ್ ಕಿಪ್ಲಿಂಗ್ 1894ರ ಜಂಗಲ್ ಬುಕ್‌ನಲ್ಲಿ ಆನೆಗಳ ತೂಮಾಯಿ ಅನ್ನೋ ಮಾವುತರ ಹುಡುಗನ ಕತೆ ಬರೆದ. ಅದರಲ್ಲಿ ಬರುವ ಪೀಟರ್ಸನ್ ಸಾಹೇಬ ಇಡೀ ದೇಶದ ಆನೆ ಹಿಡಿಯುವವರ ದೊರೆ. ಆ ಪಾತ್ರಕ್ಕೆ ಮಾದರಿ ನಮ್ಮ ಸ್ಯಾಂಡರ್ಸನ್ ಅಂತ ತಿಳಿದವರು ಹೇಳುತ್ತಾರೆ. ಆ ಕತೆಯನ್ನಿಟ್ಟುಕೊಂಡು ಎಲಿಫೆಂಟ್ ಬಾಯ್ ಅನ್ನೋ ಸಿನಿಮಾ ಮಾಡೋಕೆ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೇ ಬಂದ. 1937ರಲ್ಲಿ ತೆರೆಕಂಡ ಆ ಸಿನಿಮಾದ ತೂಮಾಯಿ ಯಾರು ಗೊತ್ತಲ್ಲ? ಹೆಗ್ಗಡದೇವನಕೋಟೆ ತಾಲ್ಲೂಕು ಕಾರಾಪುರದ ಮಾವುತರ ಮಗ ಸಾಬು. ಆ ಹುಡುಗ ಅಲ್ಲಿಂದ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗಿ ಹಾಲಿವುಡ್ ನಟನಾದ. ಕೆಳಗೆ ನಿಂತವರ ಸಾಲಿನಿಂದ ಒಬ್ಬ ಹುಡುಗ ತೆರೆಗೆ ಹತ್ತಿದ, ಆ ಸಾಲಿನ ಉಳಿದವರು ಕೆಳಗೇ ಉಳಿದರು.

ಸ್ಯಾಂಡರ್ಸನ್ ಶುರು ಮಾಡಿದ ಆಟ ಆತನ ನಂತರ ಎಂಬತ್ತು ವರ್ಷ ನಡೆಯಿತು. ಕಾಕನಕೋಟೆಯಲ್ಲಿ ಕಬಿನಿ ಹೊಳೆಗೆ ಹಿಂಡನ್ನ ಇಳಿಸಿ ದಾಟಿಸುವ ಹೊಳೆ ಖೆಡ್ಡಾ ಲೋಕಪ್ರಸಿದ್ಧವಾಯ್ತು. 1906ರಲ್ಲಿ ವೇಲ್ಸ್ ಯುವರಾಜ, 1922ರಲ್ಲಿ ಆತನ ಮಗ, ವೈಸರಾಯ್‌ಗಳು, ದೇಶವಿದೇಶದ ಅತಿಥಿಗಳು ಬಂದು ನೋಡಿ ಹೋದರು. ಕೊನೆಯ ಖೆಡ್ಡಾ 1971ರಲ್ಲಿ. ಅಷ್ಟರೊಳಗೆ ಹಿಡಿದ ಆನೆ ಸಾವಿರಕ್ಕೂ ಹೆಚ್ಚು. ಖೆಡ್ಡಾ ನಡೆಯುತ್ತಿದ್ದ ಜಾಗ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ನಿಂತಿತು. ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಇಲ್ಲದಿದ್ದರೆ ಇವತ್ತು ಬಂಡೀಪುರದಲ್ಲಿ, ಬಿಳಿಗಿರಿಯಲ್ಲಿ ನೋಡೋಕೆ ಏನೂ ಉಳೀತಿರಲಿಲ್ಲ. ಆದರೆ ಆ ಕಾಯ್ದೆ ಎಲ್ಲರ ಮೇಲೂ ಒಂದೇ ತರ ಬೀಳಲಿಲ್ಲ. ಹೊರಗಿನಿಂದ ಬರುತ್ತಿದ್ದವನು ಕೋವಿ ಇಟ್ಟು ಕ್ಯಾಮೆರಾ ಹಿಡಿದ, ಅಟ್ಟಣೆಯ ಜಾಗಕ್ಕೆ ಜೀಪು ಬಂತು, ಕಾರಾಪುರದ ಮಹಾರಾಜರ ಬೇಟೆ ಬಂಗಲೆ ರೆಸಾರ್ಟ್ ಆಯ್ತು. ಆತ ಅತಿಥಿಯಾಗಿದ್ದ, ಅತಿಥಿಯಾಗಿಯೇ ಉಳಿದ. ಕಾಡಿನೊಳಗಿದ್ದ ಸೋಲಿಗ ಮಾತ್ರ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ತನ್ನ ಪೋಡು ಬಿಟ್ಟು ಅಂಚಿಗೆ ಬಂದ. ಕಿರುಬೇಟೆ, ಕೊತ್ತು ಬೇಸಾಯ ಎರಡೂ ಹೋದವು. ಆ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯ್ತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಆಯುವ ಹಕ್ಕನ್ನ ಕಾಗದದ ಮೇಲೆ ಪಡೆಯೋಕೆ ಅಷ್ಟು ವರ್ಷ ಬೇಕಾಯ್ತು. ಸ್ಯಾಂಡರ್ಸನ್ ಯಾರನ್ನ ಕೇಳಿ ತನ್ನ ಪುಸ್ತಕಕ್ಕೆ ವಿಷಯ ಒಟ್ಟುಮಾಡಿಕೊಂಡನೋ ಅವರ ಮೊಮ್ಮಕ್ಕಳು, ಮರಿಮಕ್ಕಳು ಇವರು.

ಊರಂಚಿನ ರೈತನದ್ದು ಇನ್ನೊಂದು ಕತೆ. ಆತನಿಗೆ ಬಲೆ ಇಲ್ಲ, ಭರ್ಜಿ ಇಲ್ಲ, ಇರಲೂಬಾರದು. ದನ ಹೋದರೆ ಅರ್ಜಿ, ಬೆಳೆ ಹೋದರೆ ಅರ್ಜಿ. ಮಾದಪ್ಪನಿಗೆ ಕೈಮುಗಿಯುವ ಮನಸ್ಸು ಹಾಗೇ ಇದೆ, ರಾತ್ರಿ ಅಟ್ಟಣೆಯಲ್ಲಿ ನಿದ್ದೆಗೆಡೋದೂ ಹಾಗೇ ಇದ್ದರೂ ಅದನ್ನ ನೋಡೋಕೆ ಯಾರೂ ಟಿಕೆಟ್ ಕೊಳ್ಳೋದಿಲ್ಲ. ವಾರಾಂತ್ಯಕ್ಕೆ ಬಂದವರು ಹುಲಿ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಹೋಗುವ ಅದೇ ರಸ್ತೆಯ ಪಕ್ಕದ ಹೊಲದಲ್ಲಿ, ಇವತ್ತು ಬರದೆ ಇದ್ದರೆ ಸಾಕಪ್ಪಾ ಅಂತ ಈತ ಕೂತಿರುತ್ತಾನೆ.

ಸ್ಯಾಂಡರ್ಸನ್ ಬಂಗಲೆ ಇದ್ದ ಕಡೆ ಆತನ ಹೆಸರಿನ ಒಂದು ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಊರ ಜಾಡುಗಾರರ ಹೆಸರಿನದ್ದಂತೂ ಕೇಳೋದೇ ಬೇಡ. ಹೊನ್ನುಹೊಳೆಗೆ ಅಣೆಕಟ್ಟು ಬಂದಿದೆ, ಕೆರೆಗಳು ಅರ್ಧ ಹೂಳು ತುಂಬಿವೆ. ಈ ಸಲವೂ ಜೂನ್ ಮಳೆ ಬಿದ್ದ ಮೇಲೆ ಬೆಟ್ಟದ ತಪ್ಪಲಿನ ಊರುಗಳಲ್ಲಿ ಹಿಂಡು ಇಳಿದಿದೆ ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಸುದ್ದಿ ಓಡಾಡುತ್ತೆ. ಸುದ್ದಿ ಹಾಕುವವರು ಅದೇ ಊರಿನ ಹುಡುಗರು, ಹೆಜ್ಜೆ ನೋಡಿ ಎಷ್ಟು ಆನೆ, ಮರಿ ಇದೆಯಾ, ಯಾವ ಕಡೆ ಹೋದವು ಅಂತ ಈಗಲೂ ಹೇಳಬಲ್ಲವರು.